ಮೂವತ್ತು ಸಾವಿರದ ಮೂವತ್ತೊಂದು

“ಹದಿಮೂರರಿಂದಲೂ ಹೋಗ್ತಿಲ್ಲ! ಮತ್ತೆ ಒಂದು ಉಳೀತು!”

ಚಿಣ್ಣಿ ಪೆನ್ಸಿಲ್ ಎಸೆದಳು. ಅದು ಉರುಳಿಕೊಂಡು ಹೋಗಿ ಹೊಲಿಗೆ ಯಂತ್ರದ ಕೆಳಗೆ ನಿಂತಿತು. ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ತೂರಿಸುವ ಕಾಜಾ ಹಾಕುತ್ತಿದ್ದ ಅಕ್ಕ ಕಾಲಿನಿಂದಲೇ ಅದನ್ನು ಇತ್ತ ತಳ್ಳಿದಳು.

ಗಣಿತದ ಮೇಷ್ಟ್ರು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟಿದ್ದರು. ಚಿಣ್ಣಿಯ ಚೀಟಿಯಲ್ಲಿ ಇದ್ದದ್ದು 30031. ಅದನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆ ಹುಡುಕಬೇಕು. ಒಂದು, ಮತ್ತೆ ಅದೇ ಸಂಖ್ಯೆ, ಇವೆರಡೂ ಲೆಕ್ಕಕ್ಕಿಲ್ಲ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು... ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತಿತ್ತು.

“ಇದು ಪ್ರೈಮ್ ನಂಬರ್ರೇ. ಯಾವುದ್ರಿಂದಲೂ ಹೋಗಲ್ಲ ಅಂತ ಬರೆದುಬಿಡ್ತೀನಿ.”

“ಅಷ್ಟಕ್ಕೇ ಹೇಗೆ ಹೇಳ್ತೀಯ? ಇನ್ನೂ ಮುಂದೆ ನೋಡು,” ಅಂದಳು ಅಕ್ಕ.

“ನಿಂಗೇನು ಗೊತ್ತು? ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು!”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅಕ್ಕ ಹಲ್ಲಿನಿಂದ ದಾರ ಕಡಿದು ಇನ್ನೊಂದು ಅಂಗಿ ಎತ್ತಿಕೊಂಡಳು.

ಅಕ್ಕ ಶಾಲೆ ಬಿಟ್ಟದ್ದು ಅಮ್ಮ ಕಾಯಿಲೆ ಬಿದ್ದ ವರ್ಷ. ಆಗ ಚಿಣ್ಣಿಯ ತಲೆ ಬಾಚಿ, ಶೂ ಹಾಕಿ ಶಾಲೆಗೆ ಕಳಿಸುತ್ತಿದ್ದವಳೂ ಅಕ್ಕನೇ. ಈಗ ಅಮ್ಮ ಹುಷಾರಾಗಿ ಕೆಲಸಕ್ಕೂ ಹೋಗುತ್ತಿದ್ದಳು. ಅಕ್ಕ ಮಾತ್ರ ಶಾಲೆಗೆ ಮರಳಿರಲಿಲ್ಲ.

“ಅಕ್ಕಾ... ತಪ್ಪಾಯ್ತು.”

“ಇರಲಿ ಬಿಡು. ಆ ಆರೂ ಸಂಖ್ಯೆ ಒಟ್ಟಿಗೆ ಗುಣಿಸಿ ನೋಡಿದ್ಯಾ?”

ಚಿಣ್ಣಿ ಗುಣಿಸಿದಳು. 30030!

“ಅದಕ್ಕೆ ಒಂದು ಸೇರಿಸಿ ಕೊಟ್ಟಿದ್ದಾರೆ. ಒಂದು ಉಳೀದೆ ಇನ್ನೇನಾಗುತ್ತೆ? ಭಾರಿ ಕಿಲಾಡಿ ನಿಮ್ಮ ಮೇಷ್ಟ್ರು!”

“ಹಾಗಾದ್ರೆ ಎಲ್ಲೀ ತನಕ ಹುಡುಕೋದು? ಮೂವತ್ತು ಸಾವಿರದ ತನಕಾನಾ?”

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಅಕ್ಕ ಮೇಜಿನ ಮೇಲೆಯೇ ಲೆಕ್ಕ ಮಾಡಿದಳು. “ನೂರ ಎಪ್ಪತ್ತಮೂರು ಸಾಕು. ಅದಕ್ಕಿಂತ ದೊಡ್ಡವು ಎರಡನ್ನ ಗುಣಿಸಿದ್ರೆ ನಿನ್ನ ನಂಬರ್ ದಾಟಿಹೋಗುತ್ತೆ. ಜೋಡಿ ಅಂತ ಇದ್ರೆ, ಅದ್ರಲ್ಲಿ ಒಂದಾದ್ರೂ ಚಿಕ್ಕದಿರ್ಲೇಬೇಕು.”

ಹದಿನೇಳು ಅಕ್ಕನಿಗೆ, ಹತ್ತೊಂಬತ್ತು ಚಿಣ್ಣಿಗೆ. ಇಪ್ಪತ್ತಮೂರು ಅಕ್ಕನಿಗೆ. ಯಾವುದೂ ಸರಿಹೋಗಲಿಲ್ಲ. ಮೇಜಿನ ತುಂಬ ಬಿಳಿ ಅಂಕಿಗಳು. ಮಡಿಲಿನ ಅಂಗಿ ನೆಲಕ್ಕೆ ಜಾರಿದ್ದೂ ಅಕ್ಕನಿಗೆ ಗೊತ್ತಾಗಲಿಲ್ಲ.

“ಐವತ್ತೊಂಬತ್ತು!” ಅಕ್ಕ ಕೂಗಿದಳು. “ಐವತ್ತೊಂಬತ್ತು ಇಂಟು ಐನೂರ ಒಂಬತ್ತು! ಸೊನ್ನೆ ಬಂತು ಕಣೇ, ಸೊನ್ನೆ!”

ಅಕ್ಕನ ಮುಖ ಹಾಗೆ ಅರಳಿದ್ದನ್ನು ಚಿಣ್ಣಿ ನೋಡಿ ಎಷ್ಟೋ ಕಾಲವಾಗಿತ್ತು. ಸ್ವಲ್ಪ ಹೊತ್ತಿಗೆ ಅಕ್ಕ ಬಟ್ಟೆ ಚೂರಿನಿಂದ ಮೇಜು ಒರೆಸಿ ಮತ್ತೆ ಸೂಜಿ ಹಿಡಿದಳು.

ಮರುದಿನ ಮೇಷ್ಟ್ರು ಪುಸ್ತಕ ನೋಡಿ ಹುಬ್ಬೇರಿಸಿದರು. “ಶಭಾಷ್! ಒಬ್ಬಳೇ ಮಾಡಿದ್ಯಾ?”

“ಇಲ್ಲ ಸಾರ್, ನಮ್ಮಕ್ಕ ಹೇಳಿಕೊಟ್ಟಿದ್ದು. ಸಾರ್... ಇನ್ನೊಂದು ಚೀಟಿ ಕೊಡ್ತೀರಾ? ಇದಕ್ಕಿಂತ ದೊಡ್ಡದು?”

“ನಿಂಗಾ?”

“ಅಲ್ಲ ಸಾರ್, ಅವಳಿಗೆ.”

ಸಂಜೆ ಚಿಣ್ಣಿ ಹೊಸ ಚೀಟಿಯನ್ನು ಅಕ್ಕನ ಮುಂದಿಟ್ಟಳು.

“ಕೆಲಸ ಇದೆ ಕಣೇ. ಆಮೇಲೆ ನೋಡೋಣ,” ಅಂದಳು ಅಕ್ಕ. ಅವಳ ಕಣ್ಣು ಮಾತ್ರ ಆಗಲೇ ಅಂಕಿಗಳ ಮೇಲಿತ್ತು.

ಚಿಣ್ಣಿ ಅಕ್ಕನ ಕೈಯಿಂದ ಅಂಗಿಯನ್ನು ಮೆಲ್ಲಗೆ ಎಳೆದುಕೊಂಡು, ತನಗೆ ಬಂದ ಹಾಗೆ ಗುಂಡಿ ಹೊಲಿಯಲು ಕೂತಳು.