ಪಾಯಿಂಟ್ ಎಂಟು ಮಿಲಿಮೀಟರ್

ದಾವಣಗೆರೆಯಿಂದ ಬಸ್ಸಿನಲ್ಲಿ ನಿಂತೇ ಬಂದ ರೇಖಾ, ಹರಿಹರದ ಲೇತ್ ವರ್ಕ್‌ಶಾಪಿಗೆ ನುಗ್ಗಿ ಮಾಲತೇಶನ ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದಳು. ಒಳಗೆ, ಅವನು ಮಾಡಿಕೊಟ್ಟಿದ್ದ, ತಾಮ್ರದ ಎರಡು ತಗಡುಗಳನ್ನು ಎದುರುಬದುರು ಕೂರಿಸಿದ್ದ ಪುಟ್ಟ ಸಾಧನ. ಒಂದು ಮೂಲೆ ಕಪ್ಪಾಗಿತ್ತು.

“ಏನ್ರಿ ಇದು? ವೋಲ್ಟೇಜ್ ಏರಿಸ್ತಿದ್ದಂಗೆ ಕಿಡಿ ಹಾರ್ತು. ಸ್ಯಾಂಪಲ್ ಸುಟ್ಟೋಯ್ತು. ಇನ್ನೊಂದೇ ಉಳ್ದೈತೆ.”

ಮಾಲತೇಶ್ ಅದನ್ನು ಬೆಳಕಿಗೆ ಹಿಡಿದು ನೋಡಿದ. ಗೋಡೆಗೆ ಅಂಟಿಸಿದ್ದ ಅವಳ ಡ್ರಾಯಿಂಗ್ ಕಡೆ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಅವಳ ಮುಖ ನೋಡಿದ. ಕಣ್ಣ ಕೆಳಗೆ ಕಪ್ಪು, ಒಣಗಿದ ತುಟಿ.

“ನಂದೇ ತಪ್ಪು. ಗುರುವಾರ ಹೊಸದು ಕೊಡ್ತೀನಿ. ಕೂಡ್ರಿ, ಚಾ ತರಿಸ್ತೀನಿ.”

“ಚಾ ಬ್ಯಾಡ,” ಎಂದಳು. ಆದರೂ ಕೂತಳು.

ಅವಳದು ಪಿಎಚ್‌ಡಿಯ ಏಳನೇ ವರ್ಷ. ಬೆಳಿಗ್ಗೆ ಕಾಲೇಜಿನಲ್ಲಿ ಪಾಠ, ಆಮೇಲೆ ಲ್ಯಾಬ್. ಎರಡು ವರ್ಷದ ಹಿಂದೆ ಮಾಲತೇಶ್ ಮೊದಲ ಸಲ ಕೇಳಿದ್ದ, ಇದೆಲ್ಲ ಯಾತಕ್ಕೆ ಅಂತ. ಅವಳು ಹೇಳಿದ್ದಳು: “ಎರಡು ಕನ್ನಡಿ ನಡುವೆ ಸೆಮಿಕಂಡಕ್ಟರ್ ಪದರ. ಅಲ್ಲಿ ಸಿಕ್ಕಿದ ಬೆಳಕು ವಸ್ತುವಿನ ಜೊತೆ ಬೆರೆತು ಪೋಲರಿಟಾನ್ ಅನ್ನೋ ಕಣ ಆಗುತ್ತೆ. ಅರ್ಧ ಬೆಳಕು, ಅರ್ಧ ವಸ್ತು. ಬರೀ ಬೆಳಕು ವೋಲ್ಟೇಜಿನ ಮಾತು ಕೇಳಲ್ಲ, ಇದು ಕೇಳುತ್ತೆ. ಹೊರಗಿಂದ ವೋಲ್ಟೇಜ್ ಕೊಟ್ಟು ಅದನ್ನ ನಾನು ಬೇಕಾದಷ್ಟು ಸರಿಸ್ಬೇಕು.”

“ಹಂಗಾರೆ ಬೆಳಕಿಗೇ ಮೂಗುದಾರ ಅನ್ರಿ,” ಅಂದಿದ್ದ. ಅವತ್ತು ಅವಳು ಎಷ್ಟು ನಕ್ಕಿದ್ದಳೆಂದರೆ, ಅವನು ಲೇತ್ ಆಫ್ ಮಾಡಿ ಕೇಳಿಸಿಕೊಂಡಿದ್ದ.

ಮರುದಿನ ಲ್ಯಾಬಿನಲ್ಲಿ ಫೈಲ್ ತೆರೆದು ನೋಡಿದ ರೇಖಾ ಹಾಗೇ ಕುರ್ಚಿಗೊರಗಿದಳು. ತಗಡುಗಳ ನಡುವೆ ಪಾಯಿಂಟ್ ಎಂಟು ಮಿಲಿಮೀಟರ್ ಜಾಗ ಇರಬೇಕಿತ್ತು. ಡ್ರಾಯಿಂಗಿನಲ್ಲಿ ಅವಳೇ ಪಾಯಿಂಟ್ ಮೂರು ಎಂದು ಬರೆದಿದ್ದಳು. ಅವನು ಅದರಂತೆಯೇ ಮಾಡಿದ್ದ.

ಫೋನ್ ಮಾಡಿದಳು. “ನಿಮ್ಗೆ ಗೊತ್ತಿತ್ತಾ?”

ಅತ್ತ ಲೇತ್ ಸದ್ದು ನಿಂತಿತು. “ನಿನ್ನೆ ಗೋಡೆ ಮ್ಯಾಲಿನ ಡ್ರಾಯಿಂಗ್ ನೋಡಿದಾಗ ಗೊತ್ತಾತ್ರಿ. ಹಳೇ ಪೀಸೆಲ್ಲ ಪಾಯಿಂಟ್ ಎಂಟೇ ಇದ್ವು. ಹೊಸದಕ್ಕೆ ಕೈ ಹಾಕೋ ಮೊದ್ಲು ಕೇಳೋನಿದ್ದೆ.”

“ಮತ್ತೆ ತಪ್ಪು ಯಾಕ ಒಪ್ಕೊಂಡ್ರಿ?”

“ನಿಂತಲ್ಲೇ ತೂಗಾಡ್ತಿದ್ರಿ. ಆ ಹೊತ್ನಾಗೆ ನಿಮ್ದೇ ತಪ್ಪು ಅನ್ನಕ್ಕೆ ಮನಸ್ಸು ಬರ್ಲಿಲ್ಲ.”

ಅವಳು ಡ್ರಾಯಿಂಗಿನಲ್ಲಿ ಮೂರನ್ನು ಹೊಡೆದು ಎಂಟು ಎಂದು ಬರೆದು, ಅವನಿಗೆ ಕಳಿಸಿದಳು.

ಗುರುವಾರ ಮಾಲತೇಶ್ ತಾನೇ ಲ್ಯಾಬಿಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಉಗುರಿನಂಚಿನಲ್ಲಿ ಮಾತ್ರ ಹೋಗದ ಎಣ್ಣೆ. ಕನ್ನಡಿ-ಪದರದ ಕೊನೆಯ ಸ್ಯಾಂಪಲ್ಲನ್ನು ಇಬ್ಬರೂ ಸೇರಿ ತಗಡುಗಳ ನಡುವೆ ಕೂರಿಸಿದರು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಏನೂ ಆಗದವರಂತೆ ಸ್ಕ್ರೂ ಬಿಗಿದರು.

ರೇಖಾ ವೋಲ್ಟೇಜ್ ಏರಿಸಿದಳು. ಐನೂರು ವೋಲ್ಟ್. ಸಾವಿರ. ಹಿಂದೆ ಕಿಡಿ ಹಾರಿದ್ದ ಸಾವಿರದೈನೂರು ದಾಟಿತು. ಪರದೆಯ ಮೇಲೆ ಪೋಲರಿಟಾನಿನ ಚೂಪು ಗೆರೆ ಮೆಲ್ಲಗೆ ಎಡಕ್ಕೆ ಸರಿಯಿತು. ಇಳಿಸಿದಳು; ಮೊದಲಿನ ಜಾಗಕ್ಕೆ ಬಂತು. ಏರಿಸಿದಳು, ಮತ್ತೆ ಸರಿಯಿತು.

“ಕೇಳ್ತು,” ಎಂದು ಪಿಸುಗುಟ್ಟಿದಳು. “ಮಾತು ಕೇಳ್ತು ಮಾಲತೇಶ್.”

ತಿರುಗಿದರೆ ಅವನು ಅವಳನ್ನೇ ನೋಡುತ್ತಿದ್ದ.

“ಸ್ಕ್ರೀನ್ ನೋಡ್ರಿ. ನನ್ನೇನ್ ನೋಡ್ತೀರಿ?”

“ಅಲ್ಲಿಂದು ನಂಗೆ ತಿಳಿಯಲ್ರಿ.”

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತು ಕಣ್ಣು ತುಂಬಿತು. ಏಳು ವರ್ಷದ ಸುಸ್ತು ಒಮ್ಮೆಲೇ ಮೈಗಿಳಿದಂತಾಗಿ ಸ್ಟೂಲಿನ ಮೇಲೆ ಕುಸಿದಳು.

“ಇನ್ನು ಹರಿಹರಕ್ಕೆ ಬರೋಕೆ ನಂಗೆ ಕೆಲ್ಸ ಇಲ್ಲ.”

“ಕೆಲ್ಸ ಇಲ್ದೇನೇ ಬರ್ರಿ,” ಎಂದ ಅವನು. “ಕೆಲ್ಸಕ್ಕೆ ಅಂತ ನೀವು ಬರೋದನ್ನೇ ಎರಡು ವರ್ಷ ಕಾದಿದ್ದೀನಿ. ನನಗೋಸ್ಕರ ಒಂದ್ಸಲ ಬರ್ರಿ.”

“ಬಂದ್ರೆ ಮಾತಾಡಕ್ಕೂ ಶಕ್ತಿ ಇಲ್ಲ ನಂಗೆ. ಸುಮ್ನೆ ಕೂತಿರ್ತೀನಿ. ಆಗ್ತದಾ?”

“ಕೂಡ್ರಿ,” ಎಂದ ಮಾಲತೇಶ್. “ಎಷ್ಟು ವರ್ಷ ಆದ್ರೂ.”

ರೇಖಾ ಅವನ ಕೈ ಹಿಡಿದು, ಅದರ ಮೇಲೆ ಹಣೆಯಿಟ್ಟು ಕಣ್ಣು ಮುಚ್ಚಿದಳು.