ಮೂರು ಬಾವಿ ಇಣುಕಿದವನು

"ನನ್ನ ಬೆನ್ನ ಹಿಂದ ಯಾಕ್ರೀ ಬರಾಕತ್ತೀರಿ? ಮುಂದ ಹೋಗ್ರಲ್ಲ!"

ಅನುಪಮಾ ಥಟ್ಟನೆ ನಿಂತು ತಿರುಗಿದಳು. ಹತ್ತು ಮಾರು ಹಿಂದೆ, ಕಿತ್ತಳೆ ಬಣ್ಣದ ಜಾಕೀಟು ತೊಟ್ಟಿದ್ದ ಮಲ್ಲೇಶನೂ ನಿಂತ.

"ಹೋಗಾಕ ಬರಂಗಿಲ್ರೀ ಮೇಡಂ. ಕಡೀ ಡ್ಯೂಟಿ ನಂದು."

ಸಿಂಧನೂರಿನ ಈ ಓಟದ ಗುಂಪಿನಲ್ಲಿ ಎರಡು ಕಟ್ಟುನಿಟ್ಟಿನ ನಿಯಮ. ಎಲ್ಲರಿಗಿಂತ ಹಿಂದೆ ಬೀಳುವವರ ಬೆನ್ನಿಗೆ ಕಿತ್ತಳೆ ಜಾಕೀಟಿನವನೊಬ್ಬ ಇರಲೇಬೇಕು. ಆ ಇಬ್ಬರೂ ಬಂದು ಮುಟ್ಟುವ ತನಕ ಯಾರೂ ತಿಂಡಿಗೆ ಕೈ ಹಾಕುವಂತಿಲ್ಲ.

ಅನುಪಮಾ ಗುಂಪು ಸೇರಿ ನಾಲ್ಕು ಭಾನುವಾರ. ನಾಲ್ಕು ಸಲವೂ ಅವಳೇ ಕಡೆ, ಬೆನ್ನಿಗೆ ಇವನೇ! ಹೈಸ್ಕೂಲಿನ ವಿಜ್ಞಾನದ ಟೀಚರಿಗೆ ಕರೆಂಟಿನ ಲೈನ್‌ಮನ್ ಒಬ್ಬನ ಕಾವಲು... ಹೋದ ವಾರ ಯಾರೋ ನಕ್ಕಿದ್ದೂ ಕಿವಿಗೆ ಬಿದ್ದಿತ್ತು. "ಅನುಪಮಾ ಮೇಡಂ ಬಂದ್ರ ನಮ್ಮ ನಾಷ್ಟಾ ಮಧ್ಯಾಹ್ನಕ್ಕ!"

ಇವತ್ತಂತೂ ಓಟ ಮುದಗಲ್ಲಿನಿಂದ ಮಸ್ಕಿ ಗುಡ್ಡದವರೆಗೆ. ಕಾಲುವೆ ಏರಿಯ ಸಮತಟ್ಟು ಹಾದಿಯಲ್ಲಿ ಓಡಿ ಕಲಿತ ಕಾಲುಗಳು ಈ ಏರು ಇಳಿವಿಗೆ ಕೈಕೊಟ್ಟಿದ್ದವು. ಸಂತೆಕಲ್ಲೂರು ಮುಟ್ಟುವಷ್ಟರಲ್ಲಿ ಮುಂದಿನವರ ಸುಳಿವೇ ಇರಲಿಲ್ಲ.

'ಇವತ್ತೂ ನಗ್ತಾರ... ಇವತ್ತು ಬ್ಯಾಡ!'

"ನನಗ ಸ್ವಲ್ಪ ಕೆಲಸ ಐತ್ರಿ. ಹೆಣ್ಮಕ್ಕಳದು. ಅಲ್ಲಿ ಒಂದು ಮನೀಗೆ ಹೋಗಿ ಬರ್ತೀನಿ."

ಮಲ್ಲೇಶ ಕೆಂಪಗಾದ. ಒಂದು ಮಾತೂ ಕೇಳದೆ ದೂರದ ಬೇವಿನ ಮರದ ಬುಡಕ್ಕೆ ಹೋಗಿ, ಊರಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟ.

ಅವಳಿಗೆ ಬೇಕಾಗಿದ್ದುದೂ ಅದೇ. ಓಣಿ ಸುತ್ತಿ ಹೋಗಿ ಮಸ್ಕಿಯ ಶೇರ್ ಆಟೋ ಹತ್ತಿದಳು.

ಪಕ್ಕದಲ್ಲಿ ಕುಳಿತಿದ್ದ ಮುದುಕಿ ಕರೀಮಾಬಿ ಅವಳ ಬೂಟು ನೋಡಿದಳು, ಎದೆಯ ಮೇಲಿನ ನಂಬರು ನೋಡಿದಳು. "ಓಡಾಕ ಬಂದಾಕಿ ಆಟೋದಾಗ ಕುಂತೀಯಲ್ಲ ಬೇಟಿ?"

ಕಾಪಿ ಹೊಡೆಯುವ ಮಕ್ಕಳ ಕಿವಿ ಹಿಂಡುವ ಟೀಚರಮ್ಮ ಹೊರಗೆ ಮುಖ ತಿರುಗಿಸಿದಳು. ನಂಬರನ್ನು ಕೈಯಿಂದ ಮುಚ್ಚಿಕೊಂಡಳು.

ಗುಡ್ಡಕ್ಕೆ ಸ್ವಲ್ಪ ಮೊದಲೇ ಇಳಿದು, ಬಾಟಲಿಯ ನೀರನ್ನು ಮುಖಕ್ಕೆ, ಕತ್ತಿಗೆ ಚಿಮುಕಿಸಿಕೊಂಡಳು. ಬೆವರಿನ ಹಾಗೆ ಕಾಣಬೇಕಲ್ಲ!

"ಶಹಬ್ಬಾಸ್ ಅನುಪಮಾ!" ಗುಂಪಿನ ಮುಖ್ಯಸ್ಥೆ ಜಯಶ್ರೀ ಅಪ್ಪಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. "ಎಲ್ಲಿ, ನಿನ್ನ ಹಿಂದಿನವ?"

"ಬರಾಕತ್ತಾನ್ರೀ..."

ಬರಲಿಲ್ಲ. ಅರ್ಧ ಗಂಟೆಯಾಯಿತು. ಡಬ್ಬಿಯಲ್ಲಿ ಮಂಡಕ್ಕಿ ಸೂಸಲಾ ಆರಿತು, ಮಿರ್ಚಿ ಮೆತ್ತಗಾಯಿತು. ಮಲ್ಲೇಶನದೂ ಸೇರಿ ಎಲ್ಲರ ಫೋನುಗಳೂ ಜಯಶ್ರೀ ಅವರ ಕಾರಿನಲ್ಲೇ ಇದ್ದವು. ಒಂದೂವರೆ ತಾಸಾಯಿತು. ಬಿಸಿಲು ಏರಿತು. ಅನುಪಮಾ ಮತ್ತೆ ಮತ್ತೆ ಹಾದಿಯತ್ತ ನೋಡಿದಳು. 'ಬ್ಯಾಸತ್ತು ತಾನs ಬರ್ತಾನ ಅಂದ್ಕೊಂಡಿದ್ದೆ... ಇನ್ನೂ ಅಲ್ಲೇ ನಿಂತಾನೇನು?'

ಜಯಶ್ರೀ ಹುಡುಕಲು ಕಾರಿನತ್ತ ಹೊರಟಾಗ, ಕೊನೆಗೂ ಕಿತ್ತಳೆ ಬಣ್ಣ ಕಂಡಿತು. ಮಲ್ಲೇಶ ಕುಂಟುತ್ತಿದ್ದ. ಮೊಣಕಾಲು ತರಚಿತ್ತು, ಅಂಗೈಗೆಲ್ಲ ಮಣ್ಣು. ಬಂದವನೇ ಅವಳನ್ನು ನೋಡಿದ. ನೋಡಿದ್ದೇ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

"ಏನಪಾ ಮಲ್ಲೇಶ, ಮೇಡಂ ನಿನ್ನs ಸೋಲಿಸಿದ್ರಲ್ಲ!" ಯಾರೋ ಛೇಡಿಸಿದರು. ಎಲ್ಲರೂ ನಕ್ಕರು.

ಅವನು ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು.

"ಹೌದ್ರೀ... ಕಾಲು ಹಿಡ್ಕೊಂತು," ಎಂದ.

ಅನುಪಮಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈಗ ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಆದರೆ ಇವನ ಮುಖ ಮತ್ತೆ ನೋಡುವುದು ಹೇಗೆ?

"ನಗಬ್ಯಾಡ್ರಿ!" ಕೂಗಿಯೇಬಿಟ್ಟಳು. "ನಾ ಓಡಿಲ್ಲ. ಸಂತೆಕಲ್ಲೂರಿಂದ ಆಟೋದಾಗ ಬಂದೀನಿ. ಅವ್ರಿಗೆ ಸುಳ್ಳು ಹೇಳಿ, ನಿಲ್ಲಿಸಿ ಬಂದೀನಿ. ಇದು ಬೆವರಲ್ಲ... ನೀರು!"

ಅವಳಿಗೆ ತಲೆ ಎತ್ತುವ ಧೈರ್ಯವಿರಲಿಲ್ಲ. ಜಯಶ್ರೀ ನಿಧಾನವಾಗಿ ಡಬ್ಬಿಯ ಮುಚ್ಚಳ ತೆಗೆದರು.

"ಬರೋ ಐತವಾರ ಉಳಿದ ಹಾದಿ ಓಡು. ಈಗ ಅವಂಗ ಮೊದಲು ನೀರು ಕೊಡು."

ಮುಂದಿನ ಭಾನುವಾರ ಬೆಳಿಗ್ಗೆ ಸಂತೆಕಲ್ಲೂರಿನ ಅದೇ ಬೇವಿನ ಮರದ ಬಳಿ ಜಯಶ್ರೀ ಅವಳನ್ನು ಕಾರಿನಿಂದ ಇಳಿಸಿ ಹೋದರು. ಕಿತ್ತಳೆ ಜಾಕೀಟು ಮೊದಲೇ ಅಲ್ಲಿತ್ತು.

"ನೀವs ಬಂದ್ರಾ?" ಅವಳ ದನಿ ಸಣ್ಣದಾಯಿತು. "ನನ್ನಂಥಾಕಿ ಹಿಂದ ಪ್ರತಿ ವಾರ ನಿಮ್ಮನ್ನs ಯಾಕ ಹಾಕ್ತಾರ?"

"ಹಾಕಂಗಿಲ್ರೀ. ಪಾಳಿ ಮ್ಯಾಲೆ ಬರ್ತೈತಿ. ನೀವು ಗುಂಪಿಗೆ ಬಂದಾಗಿಂದ... ಎಲ್ಲಾರ ಪಾಳಿನೂ ನಾನs ಕೇಳಿ ತಗೊಂಡೀನಿ."

ಅವಳ ಕಣ್ಣು ಅವನ ಮೊಣಕಾಲಿನ ಗಾಯದ ಮೇಲೆ ನಿಂತಿತು.

"ಅವತ್ತು ಇದು ಹೆಂಗಾತು?"

"ಮನಿ ಮನಿ ಕೇಳಿದೆ, ಯಾರೂ ನೋಡಿಲ್ಲ ಅಂದ್ರು. ಆಮ್ಯಾಲೆ ಹೊಲದಾಗಿನ ಬಾವಿ ನೋಡಿದೆ. ಮೂರು. ಒಂದರಾಗ ಮೆಟ್ಟಲಾ ಇಳಿಯುಮುಂದ ಜಾರಿದೆ." ಅವನು ನೆಲ ನೋಡಿದ. "ಒಂದೊಂದು ಬಾವಿ ಇಣುಕುಮುಂದೂ ಜೀವಾನs ಹೋಗಿತ್ರೀ... ಗುಡ್ಡದ ಕೆಳಗ ನಿಮ್ಮನ್ನ ನೋಡಿದ ಮ್ಯಾಲೆ ಸಿಟ್ಟು ಬರ್ಲಿಲ್ಲ. ಅದಾಳಲ್ಲ, ಅಷ್ಟು ಸಾಕು ಅನ್ನಿಸ್ತು. ಅವಾಗ ಗೊತ್ತಾತು ನನಗ, ಪಾಳಿ ಯಾಕ ಕೇಳಿ ತಗೊಂತಿದ್ದೆ ಅಂತ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೀರು ಇಳಿಯಿತು. ಈ ಸಲ ಅದು ಬಾಟಲಿಯದಲ್ಲ.

"ಇಷ್ಟು ಮಾಡಿದ ಮ್ಯಾಲೂ... ನಾ ಬೇಕೇನ್ರೀ ನಿಮಗ?"

"ಬೇಕು. ನಡೀರಿ, ಬಿಸಲಾಕ್ಕೈತಿ. ನಾ ಹಿಂದ ಬರ್ತೀನಿ."

"ಹಿಂದ ಬ್ಯಾಡ," ಎಂದಳು ಅನುಪಮಾ, ಕಣ್ಣೊರೆಸಿಕೊಂಡು. "ಜೋಡಿ ಬರ್ರಿ."

"ಜೋಡಿ ಓಡಿದ್ರ ಕಡೀಗೆ ಬರೋರು ಯಾರು ಮತ್ತ?"

"ಇಬ್ರೂ!"