ಪೆಟ್ಟಿಗೆಯೊಳಗಿನ ಪಿಸುಮಾತು

ಆ ಹೆಜ್ಜೆ... ಅದು ಅವನದೇ!

ರಾಷ್ಟ್ರೀಯ ರಂಗಮಂದಿರದ ವೇದಿಕೆಯ ಅಂಚಿನಲ್ಲಿ, ನೆಲದೊಳಗೆ ಹುದುಗಿದ ಪುಟ್ಟ ಪೆಟ್ಟಿಗೆ. ಅದರಲ್ಲಿ ಕೂತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ನೆನಪಿಸುವುದು ರುಮ್ಯಾನಾಳ ಕೆಲಸ. ಅಲ್ಲಿಂದ ಮೊದಲು ಕಾಣುವುದು ಪಾದಗಳೇ. ಎಡಗಾಲನ್ನು ತುಸು ಒಳಕ್ಕೆ ತಿರುಗಿಸಿ ನಿಲ್ಲುವವನು ಇಡೀ ಸೋಫಿಯಾದಲ್ಲಿ ಒಬ್ಬನೇ.

ಲ್ಯುಬೆನ್!

ಅವನು ಕೆಳಗೆ ನೋಡಿದ. "ಓ... ನೀವಿನ್ನೂ ಇಲ್ಲೇ ಇದ್ದೀರಾ? ಸರ್ಕಾರ ಬಿತ್ತು, ನಿಮ್ಮ ಪೆಟ್ಟಿಗೆ ಮಾತ್ರ ಅಲುಗಾಡ್ಲಿಲ್ಲ!"

'ನೀವು' ಅಂತೆ! ಗಿಣ್ಣು ತುಂಬಿದ ಒಂದೇ ಬಾನಿತ್ಸಾ ಹರಿದು ಹಂಚಿಕೊಂಡು ತಿಂದವನು...

ಉಡುಪಿನ ಕೋಣೆಯ ಸ್ತೆಫ್ಕಾ ಚಿಕ್ಕಮ್ಮ ನಕ್ಕಳು. "ಆ ಗೋಡೆ ನೋಡೋ. ರಾಜನ ಪಟ ಹೋಯ್ತು, ಕಮ್ಯುನಿಸ್ಟ್ ಪಕ್ಷದವರದ್ದು ಬಂತು, ಈಗ ಅದೂ ಹೋಯ್ತು. ಮೊಳೆ ಮಾತ್ರ ಅದೇ! ನಾವೂ ಹಂಗೇ ಕಣಪ್ಪಾ."

ಅವನು ನಗಲಿಲ್ಲ.

ಈಗ ಮತ್ತೆ, ವರ್ಷಗಳ ಹಿಂದೆ ಲ್ಯುಬೆನ್ ನಟಿಸಿದ್ದ ಅದೇ ನಾಟಕ. ಅಂದು ಪಕ್ಷದವರು ಅದರಲ್ಲೊಂದು ಮಾತನ್ನು ಹೊಡೆದುಹಾಕಿದ್ದರು: 'ಕಿಟಕಿ ತೆಗೀರಿ, ಉಸಿರು ಕಟ್ತಿದೆ.' ಪ್ರದರ್ಶನದ ಸಂಜೆ ಆ ಮಾತಿನ ಜಾಗಕ್ಕೆ ಬಂದವನೇ ಲ್ಯುಬೆನ್ ನಿಂತುಬಿಟ್ಟ. ಧೈರ್ಯ ಬೇಡುವವನಂತೆ ಅವಳನ್ನೇ ನೋಡಿದ. ರುಮ್ಯಾನಾ ತುಟಿ ಬಿಗಿದಳು. ಕೊನೆಗೆ ಅವನೊಬ್ಬನೇ ಆ ಮಾತು ಹೇಳಿದ... ಮರುದಿನವೇ ಅವನನ್ನು ಗಡಿಯ ಊರಿಗೆ ಅಟ್ಟಿದರು.

ಆಮೇಲಿನ ಚಳಿಗಾಲಗಳಲ್ಲೆಲ್ಲ ಅವಳು ಯಾರ್‍ಯಾರದೋ ಪ್ರೇಮದ ಮಾತು ನೆನಪಿಸಿದಳು. ತನ್ನದು ಗಂಟಲಲ್ಲೇ ಉಳಿಯಿತು.

ತಾಲೀಮು ಮುಗಿದ ಮೇಲೆ ಅವನೇ ಕೇಳಿದ. "ಅವತ್ತು ಕೆಲಸ ಹೋಗತ್ತೆ ಅಂತ ಭಯ, ಅಲ್ವಾ?"

"ಕೆಲಸ ಹಾಳಾಗ್ಲಿ! ಮೊದಲನೇ ಸಾಲಲ್ಲೇ ಪಕ್ಷದವರು ಕೂತಿದ್ರು. ನಾನು ಸುಮ್ಮನಿದ್ರೆ ನೀನೂ ಆ ಮಾತು ಬಿಟ್ಟು ಮುಂದೆ ಹೋಗ್ತೀಯ ಅಂದ್ಕೊಂಡೆ. ನಿನ್ನ ಜೈಲಿಗೆ ಹಾಕ್ತಾರೆ ಅಂತ... ನಿನಗೋಸ್ಕರ ಹೆದರಿದ್ದೆ ಕಣೋ!"

ಲ್ಯುಬೆನ್ ಕೋಟು ಎತ್ತಿಕೊಂಡು ಹೊರಟುಹೋದ.

'ನಂಬಲಿಲ್ಲ... ಇನ್ನು ನಂಬುವುದೂ ಇಲ್ಲ.'

ಪ್ರದರ್ಶನದ ದಿನ ಮಂದಿರ ಕಿಕ್ಕಿರಿದಿತ್ತು. ಅದೇ ಜಾಗ ಬಂತು. ಆ ಎಡಗಾಲು ನಿಂತಿತು. ಮೌನ... ಅವನು ನಿಧಾನವಾಗಿ ತಲೆ ಬಗ್ಗಿಸಿ ಅವಳನ್ನೇ ನೋಡಿದ.

ಮರೆತನೇ? ಅಥವಾ...

"ಕಿಟಕಿ ತೆಗೀರಿ!"

ಪಿಸುಮಾತಲ್ಲ, ಕೂಗು! ಕೊನೆಯ ಸಾಲಿನವರೆಗೂ ಕೇಳಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಣ್ಣು ತುಂಬಿಕೊಂಡೇ ಲ್ಯುಬೆನ್ ಆ ಮಾತನ್ನು ಪೂರ್ತಿ ಮಾಡಿದ.

ಪರದೆ ಬಿದ್ದ ಮೇಲೆ ಅವನು ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತ.

"ಮಾತು ಮರ್ತಿದ್ಯಾ?"

"ಹುಚ್ಚಿ! ಅದನ್ನ ಮರೀತೀನಾ? ನಿನ್ನ ಬಾಯಿಂದ ಕೇಳ್ಬೇಕಿತ್ತು."

ಅವಳು ತಲೆ ತಗ್ಗಿಸಿದಳು. "ಇನ್ನೊಂದು ಮಾತಿದೆ... ಯಾವ ನಾಟಕದಲ್ಲೂ ಇಲ್ಲ."

ಅವನು ಕೈ ನೀಡಿ ಅವಳನ್ನು ಪೆಟ್ಟಿಗೆಯಿಂದ ಮೇಲಕ್ಕೆಳೆದುಕೊಂಡ.

"ಹೇಳು. ಪಿಸುಗುಟ್ಬೇಡ ಮತ್ತೆ... ಗಟ್ಟಿಯಾಗಿ!"